ಹಾರ್ನ್ ಹೊಡೆದ ಮಾತ್ರಕ್ಕೆ ದಾರಿ ನಮ್ಮದಲ್ಲ

‘ಅಷ್ಟು ದೊಡ್ಡ ಆಕಾಶ ಇಟ್ಕೊಂಡು ಎರಡು ವಿಮಾನ ಒಂದಕ್ಕೊಂದು ಹೇಗೆ ಗುದ್ದಿಕೊಳ್ತಾವೆ ಮಾರಾಯ್ತಿ?’

2025ರ ಜುಲೈನಲ್ಲಿ ಅತ್ತೆ ಫೋನ್ ಮಾಡಿ ಕೇಳಿದ ಪ್ರಶ್ನೆ ಇದು. ಕೆನಡಾದ ಮಾನಿಟೋಬಾ ಪ್ರಾಂತ್ಯದ ಸ್ಟೈನ್‌ಬ್ಯಾಕ್ ಎಂಬ ಊರಿನ ಬಳಿ, ಟೇಕಾಫ್ ಮತ್ತು ಲ್ಯಾಂಡಿಂಗ್ ಅಭ್ಯಾಸ ಮಾಡುತ್ತಿದ್ದ ಎರಡು ಸಣ್ಣ ಸೆಸ್ನಾ ವಿಮಾನಗಳು ಡಿಕ್ಕಿಯಾಗಿ, ಎರಡರಲ್ಲೂ ಒಬ್ಬೊಬ್ಬರೇ ಇದ್ದ ತರಬೇತಿ ಪೈಲಟ್‌ಗಳು ತೀರಿಕೊಂಡಿದ್ದರು. ಒಬ್ಬಾಕೆ ಕೆನಡಾದವರು, ಇನ್ನೊಬ್ಬರು ಕೇರಳದ ಹುಡುಗ. ಎರಡೂ ವಿಮಾನಗಳಲ್ಲಿ ರೇಡಿಯೊ ಇತ್ತು ಎಂದು ವರದಿಯಾಗಿತ್ತು. ಅತ್ತೆಗೆ ಆ ಸುದ್ದಿ ಓದಿದ ಕೂಡಲೇ ನನ್ನ ನೆನಪಾಗಿದೆ. ಅದಕ್ಕೆ ಎರಡು ವರ್ಷ ಮೊದಲು ನಾನು ಅಂಥದ್ದೇ ಇನ್ನೊಂದು ಸಣ್ಣ ವಿಮಾನ ನಿಲ್ದಾಣದಲ್ಲಿ, ಅಂಥದ್ದೇ ಸೆಸ್ನಾದಲ್ಲಿ, ಅದೇ ಅಭ್ಯಾಸ ಮಾಡುತ್ತಿದ್ದೆ. ಅತ್ತೆಗೆ ಏನೋ ಹಾರಿಕೆಯ ಉತ್ತರ ಕೊಟ್ಟು ಫೋನ್ ಇಟ್ಟೆ. ಸರಿಯಾದ ಉತ್ತರ ನನಗೆ ಗೊತ್ತಿತ್ತು, ಹೇಳಲು ಧೈರ್ಯ ಬರಲಿಲ್ಲ. ಇಲ್ಲಿ ಹೇಳುತ್ತೇನೆ.

ಆಕಾಶ ದೊಡ್ಡದು, ನಿಜ. ಆದರೆ ರನ್‌ವೇ ಸಣ್ಣದು. ಹವಾಮಾನ ಚೆನ್ನಾಗಿರುವ ಶನಿವಾರ ಬೆಳಿಗ್ಗೆ ಸುತ್ತಲಿನ ವಿಮಾನಗಳೆಲ್ಲ ಅದೇ ಒಂದು ಪಟ್ಟಿಯ ಮೇಲೆ ಇಳಿಯಲು ಬರುತ್ತವೆ, ಅದೇ ಎತ್ತರದಲ್ಲಿ, ಅದೇ ದಾರಿಯಲ್ಲಿ. ಹಾಗಾಗಿಯೇ ಇಂಥ ಡಿಕ್ಕಿಗಳು ಹೆಚ್ಚಾಗಿ ಆಗುವುದು ಮೋಡ, ಮಳೆ, ಕತ್ತಲಿನಲ್ಲಿ ಅಲ್ಲ. ಹಗಲು ಹೊತ್ತಿನಲ್ಲಿ, ಕಣ್ಣಿಗೆ ಎಲ್ಲವೂ ಕಾಣುವಾಗ, ನಿಲ್ದಾಣದ ಪಕ್ಕದಲ್ಲೇ.

ಓದುಗರಲ್ಲಿ ಅನೇಕರಿಗೆ ಇದು ಗೊತ್ತಿರಲಿಕ್ಕಿಲ್ಲ: ಅಮೆರಿಕದಲ್ಲಿ ಸಾರ್ವಜನಿಕರು ಬಳಸಬಹುದಾದ ಸುಮಾರು 5,000 ವಿಮಾನ ನಿಲ್ದಾಣಗಳಿವೆ. ಅವುಗಳಲ್ಲಿ ಕಂಟ್ರೋಲ್ ಟವರ್ ಇರುವುದು 500ರ ಆಸುಪಾಸಿನಲ್ಲಿ ಮಾತ್ರ. ಉಳಿದ ಕಡೆ ‘ನೀನು ಮೊದಲು, ನೀನು ಆಮೇಲೆ’ ಎಂದು ಹೇಳುವವರು ಯಾರೂ ಇಲ್ಲ. ಪೈಲಟ್‌ಗಳೇ ಒಂದು ಸಾಮಾನ್ಯ ರೇಡಿಯೊ ತರಂಗದಲ್ಲಿ ತಾವೆಲ್ಲಿದ್ದೇವೆ ಎಂದು ಹೇಳುತ್ತಾರೆ. ರನ್‌ವೇ ಸುತ್ತ ಆಯತಾಕಾರದ ಒಂದು ದಾರಿ ಇರುತ್ತದೆ, ಅದಕ್ಕೆ ಪ್ಯಾಟರ್ನ್ ಅನ್ನುತ್ತಾರೆ. ಸಾಮಾನ್ಯವಾಗಿ ನೆಲದಿಂದ 1,000 ಅಡಿ ಎತ್ತರ, ತಿರುವುಗಳೆಲ್ಲ ಎಡಕ್ಕೆ. ರನ್‌ವೇಗೆ ಸಮಾನಾಂತರವಾಗಿ ಹಿಂದಕ್ಕೆ ಹೋಗುವ ಬದಿ ಡೌನ್‌ವಿಂಡ್, ಅಲ್ಲಿಂದ ಎಡಕ್ಕೆ ತಿರುಗಿದರೆ ಬೇಸ್, ಮತ್ತೆ ಎಡಕ್ಕೆ ತಿರುಗಿದರೆ ರನ್‌ವೇ ಮೂಗಿನ ನೇರಕ್ಕೆ ಬರುತ್ತದೆ, ಅದು ಫೈನಲ್. ಇಷ್ಟು ತಿಳಿದಿದ್ದರೆ ಮುಂದಿನದು ಅರ್ಥವಾಗುತ್ತದೆ.

ನಮ್ಮದು ತೀರ್ಥಹಳ್ಳಿ ಕಡೆ. ಚಿಕ್ಕವಳಿದ್ದಾಗ ಅಪ್ಪನ ಜೀಪಿನಲ್ಲಿ ಆಗುಂಬೆ ಘಾಟಿ ಇಳಿಯುವಾಗ ಪ್ರತಿ ತಿರುವಿನಲ್ಲೂ ಅವರು ಹಾರ್ನ್ ಹೊಡೆಯುತ್ತಿದ್ದರು, ಹೊಡೆದ ಮೇಲೂ ಗೇರು ಇಳಿಸಿ ಅಂಚಿಗೆ ಸರಿಯುತ್ತಿದ್ದರು. ‘ಹಾರ್ನ್ ಹೊಡೆದ್ರಲ್ಲಪ್ಪಾ, ಮತ್ಯಾಕೆ ನಿಧಾನ?’ ಅಂದರೆ, ‘ನಾನು ಹೊಡ್ದಿದ್ದು ನನಗೆ ಕೇಳ್ಸಿದೆ, ಬಸ್ಸಿನವನಿಗೆ ಕೇಳ್ಸಿದೆಯೋ ಇಲ್ಲವೋ’ ಅನ್ನುತ್ತಿದ್ದರು. ಕ್ಯಾಲಿಫೋರ್ನಿಯಾಕ್ಕೆ ಹೋಗಿ, ಸಾವಿರಾರು ಡಾಲರ್ ಕೊಟ್ಟು ಕಲಿತ ಪಾಠ ಇದೇ ಆಗಿತ್ತು. ಅಪ್ಪ ಅದನ್ನು ಪುಕ್ಕಟೆ ಹೇಳಿಕೊಟ್ಟಿದ್ದರು, ನನಗೆ ತಲೆಗೆ ಹೋಗಿರಲಿಲ್ಲ.

ಎಂಜಿನಿಯರಿಂಗ್ ಮುಗಿಸಿದ ಮೇಲೆ ನಾನು ಪ್ರೈವೇಟ್ ಪೈಲಟ್ ಲೈಸೆನ್ಸ್‌ಗೆ ಸೇರಿದ್ದು 2023ರಲ್ಲಿ. ತೋಟದ ಮೇಲೆ ಸಾಲ ತೆಗೆದಿದ್ದೆವು. ಸೆಸ್ನಾ 172ಕ್ಕೆ ಗಂಟೆಗೆ 160 ಡಾಲರ್, ಇನ್‌ಸ್ಟ್ರಕ್ಟರ್ ಪಕ್ಕದಲ್ಲಿ ಕೂತರೆ ಅವರದ್ದು ಬೇರೆ. ಎಂಜಿನ್ ತಿರುಗುವ ಪ್ರತಿ ಆರು ನಿಮಿಷಕ್ಕೆ ಮೀಟರ್‌ನಲ್ಲಿ ಒಂದು ಅಂಕಿ ಉರುಳುತ್ತದೆ. ಪ್ಯಾಟರ್ನ್‌ನಲ್ಲಿ ಒಂದು ಸುತ್ತಿಗೆ ಹೆಚ್ಚುಕಡಿಮೆ ಆರು ನಿಮಿಷ. ಅಂದರೆ ಒಂದು ಸುತ್ತು 16 ಡಾಲರ್, ಆಗಿನ ಲೆಕ್ಕದಲ್ಲಿ 1,300 ರೂಪಾಯಿ. ನಾನು ಈ ಲೆಕ್ಕವನ್ನು ಡೌನ್‌ವಿಂಡ್‌ನಲ್ಲಿ ಹಾರುತ್ತಲೇ ಮಾಡುತ್ತಿದ್ದೆ. ನಾಚಿಕೆಯ ವಿಷಯ, ಆದರೆ ನಿಜ. ಸಾಲ ಮಾಡಿ ಕಲಿಯಲು ಹೋದ ನಮ್ಮ ಹುಡುಗ ಹುಡುಗಿಯರಲ್ಲಿ ಈ ಲೆಕ್ಕ ಮಾಡದವರನ್ನು ನಾನು ನೋಡಿಲ್ಲ.

ಆ ದಿನ ಒಬ್ಬಳೇ ಹಾರುತ್ತಿದ್ದೆ. ಮೂರನೆಯ ಸುತ್ತು. ನಮ್ಮ ನಿಲ್ದಾಣ ಬಳಸುತ್ತಿದ್ದ ರೇಡಿಯೊ ತರಂಗವನ್ನೇ ಅಕ್ಕಪಕ್ಕದ ಇನ್ನೂ ಎರಡು ಮೂರು ನಿಲ್ದಾಣಗಳು ಬಳಸುತ್ತಿದ್ದವು. ಹೀಗಾಗಿಯೇ ಮಾತಿನ ಮೊದಲಿಗೂ ಕೊನೆಗೂ ನಿಲ್ದಾಣದ ಹೆಸರು ಹೇಳಬೇಕು ಎಂಬ ಪದ್ಧತಿ. ಶನಿವಾರದ ಗದ್ದಲ. ಇಬ್ಬರು ಒಟ್ಟಿಗೆ ಗುಂಡಿ ಒತ್ತಿದರೆ ಕೀರಲು ಸದ್ದು ಬಿಟ್ಟು ಬೇರೇನೂ ಕೇಳುವುದಿಲ್ಲ. ಅಂಥ ಒಂದು ಕೀರಲಿನ ಬಾಲಕ್ಕೆ ‘...ಐದು ಮೈಲು, ನೇರ ಫೈನಲ್’ ಎಂದಷ್ಟು ಕೇಳಿತು. ಯಾವ ನಿಲ್ದಾಣ? ಗೊತ್ತಾಗಲಿಲ್ಲ. ಕೇಳಬಹುದಿತ್ತು. ಪಕ್ಕದ ನಿಲ್ದಾಣದವರಿರಬೇಕು ಅಂದುಕೊಂಡೆ. ಹಾಗೆ ಅಂದುಕೊಳ್ಳುವುದು ನನಗೆ ಅನುಕೂಲವಾಗಿತ್ತು, ಅಷ್ಟೇ ಕಾರಣ.

ಬೇಸ್‌ಗೆ ತಿರುಗಿದೆ, ತಿರುಗಿದೆ ಎಂದು ರೇಡಿಯೊದಲ್ಲಿ ಹೇಳಿದೆ. ಬಲಗಡೆ ಕಿಟಕಿಯಲ್ಲಿ, ನನ್ನ ಎತ್ತರಕ್ಕಿಂತ ಸ್ವಲ್ಪ ಮೇಲೆ, ಒಂದು ಚುಕ್ಕೆ ಇತ್ತು. ಗಾಜಿಗೆ ಬಡಿದು ಸತ್ತ ಹುಳದ ಕಲೆ ಅನ್ನಿಸಿತು, ಯಾಕೆಂದರೆ ಅದು ಅಲುಗಾಡುತ್ತಿರಲಿಲ್ಲ.

ಇಲ್ಲಿ ಒಂದು ನಿಮಿಷ ನಿಲ್ಲಬೇಕು, ಇಡೀ ವಿಷಯದ ಗುಟ್ಟು ಇಲ್ಲೇ ಇದೆ. ಕಿಟಕಿಯಲ್ಲಿ ಹಿಂದಕ್ಕೋ ಮುಂದಕ್ಕೋ ಸರಿಯುತ್ತಿರುವ ವಿಮಾನ ನಿಮಗೆ ಗುದ್ದುವುದಿಲ್ಲ. ಅದು ನಿಮ್ಮ ಮುಂದೆಯೋ ಹಿಂದೆಯೋ ದಾಟಿ ಹೋಗುತ್ತದೆ. ಗುದ್ದಲು ಬರುವ ವಿಮಾನ ಗಾಜಿನ ಮೇಲೆ ಒಂದೇ ಕಡೆ ನಿಂತಿರುತ್ತದೆ. ಬರೀ ದೊಡ್ಡದಾಗುತ್ತದೆ. ನಮ್ಮ ಕಣ್ಣು ಚಲನೆಯನ್ನು ಬೇಗ ಹಿಡಿಯುತ್ತದೆ, ನಿಂತದ್ದನ್ನು ಅಲಕ್ಷಿಸುತ್ತದೆ. ಅಂದರೆ ಅಪಾಯವಿಲ್ಲದ ವಿಮಾನ ಬೇಗ ಕಣ್ಣಿಗೆ ಬೀಳುತ್ತದೆ, ಅಪಾಯದ್ದು ಕೊನೆಗೆ. ಸಾಲದ್ದಕ್ಕೆ, ಖಾಲಿ ಆಕಾಶ ನೋಡುತ್ತಿರುವ ಕಣ್ಣು ತಾನಾಗಿಯೇ ಕೆಲವೇ ಮೀಟರ್ ದೂರಕ್ಕೆ ಹೊಂದಿಕೊಂಡು ಬಿಡುತ್ತದೆ, ದೂರದ್ದು ಮಸುಕಾಗುತ್ತದೆ. ಅದಕ್ಕೇ ಆಕಾಶವನ್ನು ಹತ್ತು ಹತ್ತು ಡಿಗ್ರಿಯ ತುಂಡುಗಳನ್ನಾಗಿ ಮಾಡಿಕೊಂಡು, ಒಂದೊಂದರಲ್ಲೂ ಕನಿಷ್ಠ ಒಂದು ಸೆಕೆಂಡ್ ಕಣ್ಣು ನಿಲ್ಲಿಸಿ ನೋಡಬೇಕು ಎಂದು ಕಲಿಸುತ್ತಾರೆ. ಕತ್ತು ಹೊರಳಿಸುತ್ತಾ ಬೀಸಾಗಿ ನೋಡಿದರೆ ನೋಡಿದಂತಲ್ಲ.

ಸಮಯದ ಲೆಕ್ಕವೂ ಬೇಕು. ಎದುರಿನ ವಿಮಾನವನ್ನು ಕಂಡು, ಇದು ವಿಮಾನ ಎಂದು ಗುರುತಿಸಿ, ಡಿಕ್ಕಿಯಾಗುತ್ತದೆ ಎಂದು ಅರಿತು, ತಿರುಗಿಸಲು ನಿರ್ಧರಿಸಿ, ಕೈ ಆಡಿಸಿ, ವಿಮಾನ ತಿರುಗುವಷ್ಟರಲ್ಲಿ ಸುಮಾರು 12.5 ಸೆಕೆಂಡ್ ಬೇಕು ಎಂಬುದು ಅಮೆರಿಕದ ವಿಮಾನಯಾನ ಇಲಾಖೆ, ಅಂದರೆ ಎಫ್‌ಎಎ, ಪೈಲಟ್‌ಗಳಿಗೆ ಕೊಡುವ ಅಂದಾಜು. ತಲಾ 100 ನಾಟ್ ವೇಗದಲ್ಲಿ ಎದುರುಬದುರು ಬರುವ ಎರಡು ಸಣ್ಣ ವಿಮಾನಗಳು ಅಷ್ಟರಲ್ಲಿ 1.3 ಕಿಲೊಮೀಟರ್ ಹತ್ತಿರವಾಗಿರುತ್ತವೆ. ಆ ದೂರದಲ್ಲಿ 11 ಮೀಟರ್ ರೆಕ್ಕೆಯ ಸೆಸ್ನಾ ಕಾಣುವುದು ಹುಣ್ಣಿಮೆ ಚಂದ್ರನಷ್ಟು ಅಗಲಕ್ಕೆ, ಆದರೆ ಪೆನ್ಸಿಲ್ಲಿನಲ್ಲಿ ಎಳೆದ ಗೆರೆಯಷ್ಟು ತೆಳ್ಳಗೆ.

ನನ್ನ ಹುಳದ ಕಲೆ ದೊಡ್ಡದಾಯಿತು. ಅದಕ್ಕೆ ಚಕ್ರ ಬಂತು. ವಿಮಾನ ಎಂದು ಗೊತ್ತಾದ ಮೇಲೂ ನಾನು ಎರಡು ಮೂರು ಸೆಕೆಂಡ್ ಹಾಗೇ ಹೋದೆ. ತಲೆಯಲ್ಲಿ ಓಡಿದ್ದು ಇದು: ಇಳಿಯಲು ಬರುತ್ತಿರುವ ಎರಡು ವಿಮಾನಗಳಲ್ಲಿ ಕೆಳಗಿರುವುದಕ್ಕೆ ಮೊದಲ ಹಕ್ಕು ಅಂತ ನಿಯಮದಲ್ಲಿದೆ, ಕೆಳಗಿರುವುದು ನಾನು, ಪ್ಯಾಟರ್ನ್‌ನಲ್ಲಿ ಮೊದಲಿದ್ದವಳೂ ನಾನೇ, ಅವರು ಬಿಡಲಿ. ಅದರ ಹಿಂದೆಯೇ ಇನ್ನೊಂದು ಯೋಚನೆ: ಈಗ ಬಿಟ್ಟರೆ ಮತ್ತೊಂದು ಸುತ್ತು, ಮತ್ತೆ 1,300 ರೂಪಾಯಿ.

ಅದೇ ನಿಯಮದ ಮುಂದಿನ ಸಾಲು ಆಗ ನೆನಪಿಗೆ ಬರಲೇ ಇಲ್ಲ. ಈ ಹಕ್ಕನ್ನು ಬಳಸಿಕೊಂಡು ಇನ್ನೊಬ್ಬರ ಮುಂದೆ ನುಗ್ಗಬಾರದು ಅಂತಲೂ ಅಲ್ಲೇ ಬರೆದಿದೆ. ನೆನಪಾಗಿದ್ದು ಇನ್‌ಸ್ಟ್ರಕ್ಟರ್ ಮುಖ. ಎಪ್ಪತ್ತು ದಾಟಿದ ಮನುಷ್ಯ, ಹಿಂದೆ ಹೊಲಗಳಿಗೆ ಔಷಧಿ ಸಿಂಪಡಿಸುವ ವಿಮಾನ ಓಡಿಸಿದವರು. ‘ಫೈನಲ್ ಗೆರೆ ದಾಟುವ ಮೊದಲು ಬಲಗಡೆ ನೋಡು. ಟವರ್ ಇದ್ದರೂ ನೋಡು. ನಾನು ಪಕ್ಕದಲ್ಲಿ ಕೂತು ನೋಡಿದೆ ಅಂದರೂ ನೋಡು’ ಎಂದು ಪ್ರತಿ ಸಲ ಒಂದೇ ಧಾಟಿಯಲ್ಲಿ ಹೇಳುತ್ತಿದ್ದರು. ಇಳಿಯುವುದನ್ನು ನಿಲ್ಲಿಸಿದೆ. ಮೇಲೇರಲಿಲ್ಲ, ಅವರು ಮೇಲಿದ್ದರು. ಫೈನಲ್ ಗೆರೆ ಮುಟ್ಟುವ ಮೊದಲೇ ಎಡಕ್ಕೆ ತಿರುಗಿ, ರನ್‌ವೇಗೆ ಸಮಾನಾಂತರವಾಗಿ, ಆ ವಿಮಾನವನ್ನು ಬಲಗಿಟಕಿಯಲ್ಲಿ ಇಟ್ಟುಕೊಂಡು ಹೋದೆ. ಪೈಪರ್ ವಿಮಾನ, ರೆಕ್ಕೆ ಕೆಳಗಿರುವ ಮಾದರಿ. ಅದು ನನ್ನನ್ನು ದಾಟಿ, ಕೆಳಗಿಳಿದು, ರನ್‌ವೇ ಮುಟ್ಟಿತು. ಆಮೇಲೆ ಗೋ-ಅರೌಂಡ್ ಅಂತ ರೇಡಿಯೊದಲ್ಲಿ ಹೇಳಿದೆ. ಧ್ವನಿ ನಡುಗಿದ್ದನ್ನು ಅಕ್ಕಪಕ್ಕದ ಮೂರೂ ನಿಲ್ದಾಣದವರು ಕೇಳಿರುತ್ತಾರೆ.

ರೆಕ್ಕೆಯ ವಿಚಾರ ಸುಮ್ಮನೆ ಹೇಳಿದ್ದಲ್ಲ. ಸೆಸ್ನಾ 172ರಲ್ಲಿ ರೆಕ್ಕೆ ತಲೆಯ ಮೇಲಿದೆ, ಮೇಲಿನದು ಕಾಣುವುದಿಲ್ಲ. ಪೈಪರ್‌ನಲ್ಲಿ ರೆಕ್ಕೆ ಕಾಲ ಬುಡದಲ್ಲಿದೆ, ಕೆಳಗಿನದು ಕಾಣುವುದಿಲ್ಲ. ಸೆಸ್ನಾ ಕೆಳಗೆ, ಪೈಪರ್ ಅದರ ಮೇಲೆ ಇಳಿಯುತ್ತಾ ಬಂದರೆ ಇಬ್ಬರೂ ಒಬ್ಬರಿಗೊಬ್ಬರು ಕುರುಡರು. ನಾನು ಫೈನಲ್‌ಗೆ ತಿರುಗಿದ್ದರೆ ಆಗುತ್ತಿದ್ದುದು ಅದೇ.

ಇಳಿದ ಮೇಲೆ ಆ ಪೈಲಟ್ ತಾವಾಗಿ ಬಂದು ಮಾತಾಡಿದರು. ಒಳ್ಳೆಯ ಮನುಷ್ಯ, ಮುಖ ಬಿಳಿಚಿತ್ತು. ಹತ್ತು ಮೈಲಿನಿಂದಲೂ ಹೇಳುತ್ತಾ ಬಂದೆ ಎಂದರು. ಸುಳ್ಳಿರಲಿಕ್ಕಿಲ್ಲ. ಮಡಿಲಲ್ಲಿದ್ದ ಟ್ಯಾಬ್ಲೆಟ್‌ನಲ್ಲಿ ಸುತ್ತಲಿನ ವಿಮಾನಗಳನ್ನು ನೋಡುತ್ತಿದ್ದೆ, ನಿನ್ನದು ಅದರಲ್ಲಿ ತಡವಾಗಿ ಕಂಡಿತು ಎಂದರು. ನಾನೂ ಹೇಳಿದ್ದೆ, ಅವರೂ ಹೇಳಿದ್ದರು. ಇಬ್ಬರೂ ಹಾರ್ನ್ ಹೊಡೆದಿದ್ದೆವು.

ಇದು ನನ್ನೊಬ್ಬಳ ಅನುಭವವಾಗಿದ್ದರೆ ಬರೆಯುತ್ತಿರಲಿಲ್ಲ. 2022ರ ಆಗಸ್ಟ್ 18ರಂದು ಕ್ಯಾಲಿಫೋರ್ನಿಯಾದ ವಾಟ್ಸನ್‌ವಿಲ್‌ನಲ್ಲಿ, ಟವರ್ ಇಲ್ಲದ ನಿಲ್ದಾಣದಲ್ಲಿ, ಇದೇ ಚಿತ್ರ ಪೂರ್ತಿಯಾಯಿತು. ಪ್ಯಾಟರ್ನ್‌ನಲ್ಲಿ ಒಂದು ಸಣ್ಣ ಸೆಸ್ನಾ 152, ನೇರ ಫೈನಲ್‌ಗೆ ಬರುತ್ತಿದ್ದ ಎರಡು ಎಂಜಿನ್‌ನ ಸೆಸ್ನಾ 340. ಇಬ್ಬರೂ ರೇಡಿಯೊದಲ್ಲಿ ಮಾತಾಡಿದ್ದರು, ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸುವ ಹಾಗೆಯೇ. ದೊಡ್ಡದು ಸುಮಾರು 180 ನಾಟ್, ಅಂದರೆ ಗಂಟೆಗೆ 330 ಕಿಲೊಮೀಟರ್ ವೇಗದಲ್ಲಿತ್ತು. ತನ್ನ ಹಿಂದಿನಿಂದ ಅದು ವಿಪರೀತ ವೇಗವಾಗಿ ಬರುತ್ತಿದೆ ಎಂದು ಗೊತ್ತಾಗಿ ಚಿಕ್ಕ ವಿಮಾನದ ಪೈಲಟ್ ಗೋ-ಅರೌಂಡ್ ಮಾಡುತ್ತೇನೆ ಎಂದು ಹೇಳಿದರು. ಅಷ್ಟರಲ್ಲಿ ತಡವಾಗಿತ್ತು. ಮೂವರು ಸತ್ತರು. ದೊಡ್ಡ ವಿಮಾನದ ಪೈಲಟ್ ಚಿಕ್ಕದನ್ನು ಕಂಡು ತಪ್ಪಿಸಿಕೊಳ್ಳಲಿಲ್ಲ, ಅತಿಯಾದ ವೇಗವೂ ಕಾರಣ ಎಂದು ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ತೀರ್ಮಾನಿಸಿತು. ಸತ್ತವರ ತಪ್ಪು ಎಣಿಸುವುದು ನನಗೆ ಇಷ್ಟವಿಲ್ಲ. ಆದರೆ ನೇರ ಫೈನಲ್‌ಗೆ ಬರುವುದು ನಿಯಮಕ್ಕೆ ವಿರುದ್ಧವಲ್ಲ ಎನ್ನುವವರ ಜೊತೆ ನನ್ನ ತಕರಾರು ಇದೆ. ವಿರುದ್ಧವಲ್ಲ, ಸರಿ. ಪ್ಯಾಟರ್ನ್‌ನಲ್ಲಿ ಬೇರೆಯವರಿದ್ದಾರೆ ಎಂದು ಗೊತ್ತಿದ್ದೂ ನೇರ ಬರುವವರು ಬಸ್ಸಿಗೆ ಕಾಯುತ್ತಿರುವ ಸಾಲನ್ನು ಬಿಟ್ಟು ಕಿಟಕಿಯಿಂದ ಟವೆಲ್ ಹಾಕಿದ ಹಾಗೆ. ಬಸ್ಸಿನಲ್ಲಿ ಜಗಳವಾಗುತ್ತದೆ, ಅಷ್ಟೇ.

‘ಹಾಗಾದರೆ ಎಲ್ಲ ಕಡೆ ಟವರ್ ಕಟ್ಟಲಿ’ ಎಂದು ನನ್ನ ತಮ್ಮ ವಾದಿಸಿದ. ಅದೇ ವರ್ಷ, ಅದಕ್ಕೆ ತಿಂಗಳ ಹಿಂದಷ್ಟೇ, ಜುಲೈ 17ರಂದು ನಾರ್ತ್ ಲಾಸ್ ವೇಗಸ್ ನಿಲ್ದಾಣದಲ್ಲಿ ಪೈಪರ್ ಮತ್ತು ಸೆಸ್ನಾ 172 ಡಿಕ್ಕಿಯಾಗಿ ನಾಲ್ವರು ಸತ್ತರು. ಅಲ್ಲಿ ಟವರ್ ಇತ್ತು, ಸೂಚನೆಯೂ ಸಿಕ್ಕಿತ್ತು. ಎಡ ರನ್‌ವೇಗೆ ಇಳಿಯಬೇಕಾದ ವಿಮಾನ ಬಲ ರನ್‌ವೇ ನೇರಕ್ಕೆ ಹೋಗಿತ್ತು. ಟವರ್ ಇದ್ದರೆ ಒಳ್ಳೆಯದೇ. ಆದರೆ ಟವರ್‌ನವರು ನಮ್ಮ ಕಿಟಕಿಯಿಂದ ನೋಡುವುದಿಲ್ಲ.

ಉಪಕರಣಗಳ ಮಾತು ಬಂದರೆ ನಮ್ಮವರಿಗೆ ಚರ್ಖಿ ದಾದ್ರಿ ನೆನಪಿದೆ. 1996ರ ನವೆಂಬರ್ 12ರಂದು ಹರಿಯಾಣದ ಆ ಊರಿನ ಮೇಲೆ ಸೌದಿ ಮತ್ತು ಕಜಕಸ್ತಾನದ ಎರಡು ದೊಡ್ಡ ವಿಮಾನಗಳು ಡಿಕ್ಕಿಯಾಗಿ 349 ಜನ ಸತ್ತರು. ಆ ಬಳಿಕ ನಮ್ಮ ಆಕಾಶಕ್ಕೆ ಬರುವ ದೊಡ್ಡ ವಿಮಾನಗಳಿಗೆ ಡಿಕ್ಕಿ ತಪ್ಪಿಸುವ ಟಿಕ್ಯಾಸ್ ಸಾಧನ ಕಡ್ಡಾಯವಾಯಿತು. ‘ಮೇಲೇರು’, ‘ಕೆಳಗಿಳಿ’ ಎಂದು ಅದು ಪೈಲಟ್‌ಗೆ ಹೇಳುತ್ತದೆ. ನಾವು ಕಲಿಯುವ ಸಣ್ಣ ವಿಮಾನಗಳಲ್ಲಿ ಅದಿಲ್ಲ. ಅಮೆರಿಕದಲ್ಲಿ 2020ರ ಜನವರಿ 1ರಿಂದ ತನ್ನ ಜಾಗವನ್ನು ತಾನೇ ಸಾರುವ ಎಡಿಎಸ್-ಬಿ ಸಾಧನ ಬಹಳಷ್ಟು ವಾಯುಪ್ರದೇಶದಲ್ಲಿ ಬೇಕೇಬೇಕು, ಆದರೆ ಎಷ್ಟೋ ಸಣ್ಣ ನಿಲ್ದಾಣಗಳ ಸುತ್ತ ಅದಿಲ್ಲದೆಯೂ ಹಾರಬಹುದು. ನಾನು ಪರದೆಯ ವಿರೋಧಿಯಲ್ಲ. ಕಣ್ಣೊಂದನ್ನೇ ನಂಬಬೇಡಿ, ಇಂಥ ಸಾಧನ ಬಳಸಿ ಎಂದು ಅಲ್ಲಿನ ಸುರಕ್ಷತಾ ಮಂಡಳಿಯೇ ಹೇಳುತ್ತದೆ. ಹತ್ತು ಮೈಲು ದೂರದಲ್ಲಿ ಅದು ನಿಜಕ್ಕೂ ಉಪಕಾರಿ, ಯಾವ ಕಡೆ ನೋಡಬೇಕೆಂದು ಹೇಳುತ್ತದೆ. ಪ್ಯಾಟರ್ನ್ ಒಳಗೆ ಬಂದ ಮೇಲೆ ಮಾತ್ರ ಟ್ಯಾಬ್ಲೆಟ್ ಮುಚ್ಚಿಡಬೇಕು ಎನ್ನುವುದು ನನ್ನ ಹಟ. ಒಪ್ಪದ ಸ್ನೇಹಿತರಿದ್ದಾರೆ.

ಇನ್ನು ಕೆಲವರು, ನೀನು ಹೆದರಿಸುತ್ತಿದ್ದೀಯ, ಇಂಥ ಡಿಕ್ಕಿ ಅಪರೂಪ ಎನ್ನುತ್ತಾರೆ. ಅಪರೂಪವೇ. ಸಣ್ಣ ವಿಮಾನಗಳಲ್ಲಿ ಹೆಚ್ಚು ಜನ ಸಾಯುವುದು ವೇಗ ಕಳೆದುಕೊಂಡು, ಹಿಡಿತ ತಪ್ಪಿ. ಆದರೆ ಅದನ್ನು ಪ್ರತಿ ಪಾಠದಲ್ಲೂ ಅಭ್ಯಾಸ ಮಾಡಿಸುತ್ತಾರೆ. ಬಿಟ್ಟುಕೊಡುವುದನ್ನು ಯಾರೂ ಅಷ್ಟು ಅಭ್ಯಾಸ ಮಾಡಿಸುವುದಿಲ್ಲ. ಗೋ-ಅರೌಂಡ್ ಎಂದರೆ ಇಳಿಯಲು ಬಾರದವರು ಮಾಡುವುದು ಎಂಬ ಭಾವನೆ ನಮ್ಮ ಬ್ಯಾಚಿನಲ್ಲೇ ಇತ್ತು. ‘ಇವತ್ತು ಎಷ್ಟು ಬಾರಿ ಫೇಲ್?’ ಎಂದು ತಮಾಷೆ ಮಾಡುತ್ತಿದ್ದೆವು. ಪಿಯುಸಿಯಿಂದ ಅಂಕಪಟ್ಟಿ ಹಿಡಿದುಕೊಂಡೇ ಬೆಳೆದ ನಮಗೆ, ಒಮ್ಮೆ ಶುರು ಮಾಡಿದ್ದನ್ನು ಬಿಡುವುದು ಸೋಲು ಅನ್ನಿಸುತ್ತದೆ. ಅದರ ಜೊತೆ ಸಾಲದ ಕಂತು ಸೇರಿದರೆ, ಥ್ರಾಟಲ್ ಮೇಲಿನ ಕೈಯ ಮೇಲೆ ಬ್ಯಾಂಕ್ ಮ್ಯಾನೇಜರ್ ಕೈಯೂ ಇರುತ್ತದೆ.

ಇದನ್ನು ಈ ಪುಟಕ್ಕೆ ಬರೆಯಲು ಕಾರಣವಿದೆ. ನಮ್ಮಲ್ಲಿ ಕಮರ್ಷಿಯಲ್ ಲೈಸೆನ್ಸ್‌ಗೆ 200 ಗಂಟೆ ಹಾರಾಟ ಬೇಕು. ಜಕ್ಕೂರಿನ ಜೊತೆಗೆ ಈಗ ಬೆಳಗಾವಿ, ಕಲಬುರಗಿಯಲ್ಲೂ ತರಬೇತಿ ಸಂಸ್ಥೆಗಳು ಬಂದಿವೆ. ಹೊರದೇಶಕ್ಕೆ ಹೋಗುವವರೂ ಬಹಳ. ನನಗೆ ಮೆಸೇಜ್ ಮಾಡುವ ಹುಡುಗರು ಕೇಳುವುದು ಎರಡೇ ಪ್ರಶ್ನೆ: ಒಟ್ಟು ಎಷ್ಟಾಗುತ್ತದೆ, ಎಷ್ಟು ತಿಂಗಳಲ್ಲಿ ಮುಗಿಯುತ್ತದೆ? ದಯವಿಟ್ಟು ಇನ್ನೂ ಮೂರು ಕೇಳಿ. ಒಂದೇ ಪ್ಯಾಟರ್ನ್‌ನಲ್ಲಿ ಒಟ್ಟಿಗೆ ಎಷ್ಟು ವಿಮಾನ ಬಿಡುತ್ತೀರಿ? ಒಬ್ಬರೇ ಹಾರುವ ವಿದ್ಯಾರ್ಥಿಗಳು ಇಬ್ಬರಿದ್ದಾಗ ನೆಲದಲ್ಲಿ ರೇಡಿಯೊ ಹಿಡಿದು ನೋಡುವವರು ಯಾರು? ದಟ್ಟಣೆ ಕಂಡು ಗೋ-ಅರೌಂಡ್ ಮಾಡಿದರೆ ಆ ಆರು ನಿಮಿಷದ ಬಿಲ್ ಯಾರ ಲೆಕ್ಕಕ್ಕೆ?

ಕೊನೆಯದು ಚಿಲ್ಲರೆ ಪ್ರಶ್ನೆ ಅನ್ನಿಸಬಹುದು. ಆ ಶನಿವಾರ ಸಂಜೆ ಬಿಲ್ ಕೌಂಟರಿನಲ್ಲಿ ನನ್ನ ಇನ್‌ಸ್ಟ್ರಕ್ಟರ್ ಮೀಟರ್‌ನ ಒಂದು ಅಂಕಿ ಹೊಡೆದು ಹಾಕಿ, ಅದನ್ನು ತಮ್ಮ ಹೆಸರಿಗೆ ಬರೆಸಿಕೊಂಡರು. ‘ಇನ್ನು ಮುಂದೆ ನಿನ್ನ ಗೋ-ಅರೌಂಡ್ ಎಲ್ಲ ನನ್ನ ಖರ್ಚು. ಲೆಕ್ಕ ಮಾಡುವುದನ್ನು ಬಿಡು’ ಎಂದರು. ನಾನು ಡೌನ್‌ವಿಂಡ್‌ನಲ್ಲಿ ಡಾಲರ್ ಗುಣಿಸುತ್ತಿದ್ದೆ ಎಂದು ಅವರಿಗೆ ಯಾವಾಗ ಗೊತ್ತಾಯಿತೋ. ಉಳಿದ ತಿಂಗಳುಗಳಲ್ಲಿ ಹನ್ನೊಂದು ಬಾರಿ ಬಿಟ್ಟುಕೊಟ್ಟೆ. ಒಂದೆರಡು ಬಾರಿ ಅಗತ್ಯವೇ ಇರಲಿಲ್ಲ, ಎದುರಿಗಿದ್ದುದು ಹದ್ದು.

ಈಗ ಬೆಂಗಳೂರಿನಲ್ಲಿ ಡಿಜಿಸಿಎ ಪರೀಕ್ಷೆಗಳಿಗೆ ಓದುತ್ತಿದ್ದೇನೆ, ಉಳಿದ ಗಂಟೆಗಳಿಗೆ ಶಾಲೆ ಹುಡುಕುತ್ತಿದ್ದೇನೆ. ಮೂರು ಕಡೆ ಈ ಮೂರು ಪ್ರಶ್ನೆ ಕೇಳಿದೆ. ಮೊದಲಿನವರು ತಿಳಿಸುತ್ತೇವೆ ಎಂದರು. ಎರಡನೆಯವರು ಚೀಫ್ ಇನ್‌ಸ್ಟ್ರಕ್ಟರ್‌ಗೇ ಫೋನ್ ಕೊಟ್ಟರು, ಅವರು ಇಪ್ಪತ್ತು ನಿಮಿಷ ಮಾತಾಡಿದರು. ಮೂರನೆಯವರು ನಕ್ಕು, ‘ಮೇಡಂ, ಇದನ್ನೆಲ್ಲ ಯಾರೂ ಕೇಳಲ್ಲ’ ಎಂದರು. ಮೂರನೆಯವರ ಶುಲ್ಕವೇ ಎಲ್ಲಕ್ಕಿಂತ ಕಡಿಮೆ, ನಾಲ್ಕು ಲಕ್ಷ ರೂಪಾಯಿ ವ್ಯತ್ಯಾಸ. ಎರಡನೆಯದಕ್ಕೆ ಅರ್ಜಿ ಹಾಕಿದ್ದೇನೆ. ಅಪ್ಪನಿಗೆ ಆ ನಾಲ್ಕು ಲಕ್ಷದ ವಿಷಯ ಹೇಳುವುದು ಬಾಕಿ ಇದೆ.